ನಾಲ್ಕು ವರ್ಷ ಪಿಟಿಆರ್-ಟಾಫ್ ಬಳಸಿದ್ಮೇಲೆ: ಕಾಫಿಗೆ ಸೈ, ಕಾಳುಮೆಣಸಿಗೆ ಬೇಡ

ನವಿ ಮುಂಬೈನ ತುರ್ಭೆ ಎಂಐಡಿಸಿಲಿ ಒಂದು ಫ್ಲೇವರ್ ಕಂಪನಿ ಲ್ಯಾಬಲ್ಲಿ ಕೆಲಸ ನಂದು. ಆಹಾರದ ಪರಿಮಳ ಅಳೆಯೋ ಈ ಪಿಟಿಆರ್-ಟಾಫ್ ಮಶಿನ್ ಬಂದು ನಾಲ್ಕು ವರ್ಷ ಆಯ್ತು. ಪರಿಮಳದ ಅಣುಗಳಿಗೆ ಪ್ರೋಟಾನ್ ಅಂಟಿಸಿ (ಪಿಟಿಆರ್), ಅವು ಹಾರೋಕೆ ಹಿಡಿಯೋ ಸಮಯದಿಂದ ತೂಕ ಅಳೆಯುತ್ತೆ (ಟಾಫ್, ಟೈಮ್ ಆಫ್ ಫ್ಲೈಟ್). ಪ್ರತಿ ತೂಕಕ್ಕೂ ಒಂದು ಗೆರೆ, ಗೆರೆ ಎತ್ತರ ಇದ್ದಷ್ಟೂ ಆ ಅಣು ಜಾಸ್ತಿ. ಸ್ಪೆಸಿಫಿಕೇಶನ್ ಎಲ್ಲ ಬ್ರೋಷರಲ್ಲೇ ಇದೆ ಬಿಡಿ, ನಾನು ಬರೀತಿರೋದು 137 ಅನ್ನೋ ಒಂದು ನಂಬರ್ ನನ್ನ ಹೇಗೆ ಗೋಳು ಹೊಯ್ಕೊಂಡ್ತು ಅಂತ.

ಹೋದ ವರ್ಷ ವಾಶಿ ಎಪಿಎಂಸಿಯಿಂದ ಎರಡು ಲಾಟ್ ಕಾಳುಮೆಣಸಿನ ಸ್ಯಾಂಪಲ್ ಬಂತು, ಒಂದು ಶಿರಸಿ ಕಡೇದು, ಇನ್ನೊಂದು ವಯನಾಡಿಂದು. ಜಜ್ಜಿ ಬಾಟ್ಲಿಗೆ ಹಾಕಿ ಟ್ಯೂಬ್ ಚುಚ್ಚಿದ್ವಿ, ಎರಡು ನಿಮಿಷದಲ್ಲಿ ರಿಸಲ್ಟ್ ಬಂತು, 137ರ ಗೆರೆ, 81ರ ಗೆರೆ ಎರಡೂ ಲಾಟಲ್ಲಿ ಹೆಚ್ಚುಕಮ್ಮಿ ಅಷ್ಟಷ್ಟೇ ಎತ್ತರ, ನಾನು ಎರಡೂ ಸೇಮ್ ಅಂತ ರಿಪೋರ್ಟ್ ಬರೆಯೋಕೆ ಕೂತೆ. ನಮ್ಮ ಲ್ಯಾಬಿನ ಸೊಲ್ಲಾಪುರದ ಹುಡುಗ ಬಂದು "ಸರ್, ಇವೆರಡೂ ಒಂದ ಅಲ್ರೀ, ಒಮ್ಮೆ ಮೂಸಿ ನೋಡ್ರಿ" ಅಂದ. ಮೂಸಿದ್ರೆ ಒಂದರಲ್ಲಿ ನಿಂಬೆ ಸಿಪ್ಪೆ ಘಮ, ಇನ್ನೊಂದರಲ್ಲಿ ಟರ್ಪೆಂಟೈನ್ ಥರ. ಮನೆ ಅಂಗಳದಲ್ಲಿ ಮೆಣಸು ಒಣಗೋದನ್ನ ನೋಡ್ತಾ ಬೆಳೆದವನು ನಾನು, ಅವತ್ತು ತುಂಬಾ ಬೇಜಾರಾಯ್ತು.

ಕಾರಣ ಇಷ್ಟೇ. ಮೆಣಸಿನ ಪರಿಮಳದ ಅಣುಗಳಾದ ಲಿಮೋನೀನ್, ಪೈನೀನ್, ಸ್ಯಾಬಿನೀನ್ ಎಲ್ಲದರ ಫಾರ್ಮುಲಾನೂ ಒಂದೇ, 10 ಕಾರ್ಬನ್ 16 ಹೈಡ್ರೋಜನ್, ತೂಕ 136. ಮಶಿನ್ ಒಂದು ಪ್ರೋಟಾನ್ ಅಂಟಿಸುತ್ತೆ, 137 ಆಗುತ್ತೆ, ಒಂದಷ್ಟು ಒಡೆದು 81 ಆಗುತ್ತೆ. ಏಲಕ್ಕಿ ಕಥೆ ಇನ್ನೂ ಕಷ್ಟ, ಅದರ ಪರಿಮಳದ ಅಣುಗಳಾದ ಸಿನಿಯೋಲ್ ಮತ್ತೆ ಟರ್ಪಿನೈಲ್ ಅಸಿಟೇಟ್ ಕೂಡ ಒಡೆದು ಅದೇ 137ಕ್ಕೇ ಬಂದು ಬೀಳ್ತವೆ. ಮಾರೋಕೆ ಬಂದವರು "ಟಾಫ್ ತಗೊಳ್ಳಿ, ದಶಮಾಂಶದ ತನಕ ತೂಕ ತೋರಿಸುತ್ತೆ, ಎಲ್ಲ ಬೇರೆ ಬೇರೆ ಆಗುತ್ತೆ" ಅಂತ ಹೇಳಿದ್ರು, ನಮ್ಮ ಯಜಮಾನರು ಅದನ್ನೇ ನಂಬಿ ಎರಡು ವರ್ಷದ ಇನ್‌ಸ್ಟ್ರುಮೆಂಟ್ ಬಜೆಟ್ ಪೂರ್ತಿ ಇದಕ್ಕೇ ಸುರಿದ್ರು. ಫಾರ್ಮುಲಾನೇ ಒಂದಾದ್ರೆ ಎಷ್ಟು ದಶಮಾಂಶ ನೋಡಿದ್ರೂ ತೂಕ ಒಂದೇ ಅಲ್ವಾ, ಇದನ್ನ ಡೆಮೋ ದಿನವೇ ಹೇಳಬೇಕಿತ್ತು. ಕೊನೆಗೆ ಮೂಲೆಗೆ ಸರಿಸಿದ್ದ ಹಳೇ ಜಿಸಿ-ಎಂಎಸ್‌ಗೇ (ಉದ್ದ ಕಾಲಮ್ಮಲ್ಲಿ ಅಣುಗಳನ್ನ ಮೊದಲು ಬೇರ್ಪಡಿಸಿ ಆಮೇಲೆ ತೂಕ ಅಳೆಯೋ ಮಶಿನ್) ಎರಡೂ ಮೆಣಸು ಹಾಕಿದ್ವಿ, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡೀತು, ಆದ್ರೆ ಪೈನೀನ್ ಬೇರೆ ಲಿಮೋನೀನ್ ಬೇರೆ ಅಂತ ನೀಟಾಗಿ ಬಿಡಿಸಿ ಕೊಡ್ತು.

ಇಷ್ಟು ಬೈದ್ರೂ ಬೆಳಿಗ್ಗೆ ಹೊತ್ತು ಇದರ ಮುಂದೆ ಕೂತ್ರೆ ಕೋಪ ಇಳಿದು ಹೋಗುತ್ತೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 1990ರ ದಶಕದಲ್ಲಿ ವೆರ್ನರ್ ಲಿಂಡಿಂಗರ್ ತಂಡ ಕಟ್ಟಿದ ವಿಧಾನ ಇದು, ನೀರಿನ ಆವಿಯಿಂದ ಹೈಡ್ರೋನಿಯಂ ಅಯಾನ್ (ಒಂದು ಪ್ರೋಟಾನ್ ಹೆಚ್ಚಿರೋ ನೀರು) ಮಾಡಿ ಬಿಟ್ರೆ ಅದು ಗಾಳಿಯ ನೈಟ್ರೋಜನ್ ಆಕ್ಸಿಜನ್ ಮುಟ್ಟಲ್ಲ, ಪರಿಮಳದ ಅಣುಗಳಿಗೆ ಮಾತ್ರ ಪ್ರೋಟಾನ್ ಕೊಡುತ್ತೆ, ಅದಕ್ಕೇ ಸ್ಯಾಂಪಲ್ ತಯಾರಿ ಅನ್ನೋ ರಗಳೆನೇ ಇಲ್ಲ. ನಾನು ಬಂದ ತಕ್ಷಣ ಮೊದಲು 21 ನೋಡ್ತೀನಿ. ಅಯಾನಿನ ನಿಜವಾದ ಜಾಗ 19, ಆದ್ರೆ ಅದು ಡಿಟೆಕ್ಟರ್ ತಡೆಯದಷ್ಟು ಜೋರು, ಅದಕ್ಕೆ ಭಾರದ ಆಕ್ಸಿಜನ್ ಇರೋ 21ನ್ನ ಅಳೆದು 500ರಿಂದ ಗುಣಿಸೋದು. ಆಮೇಲೆ 37, ಅಂದ್ರೆ ಇನ್ನೊಂದು ನೀರಿನ ಅಣು ಅಂಟಿಸಿಕೊಂಡ ಅದೇ ಅಯಾನ್, ಜೂನ್ ಬಂತು ಅಂದ್ರೆ ಮುಂಬೈ ಗಾಳಿಯ ತೇವಕ್ಕೆ ಇದು ಏರುತ್ತೆ, ಖಾಲಿ ಬಾಟ್ಲಿ ಬ್ಲ್ಯಾಂಕ್ ಎರಡೆರಡು ಸಲ ತಗೋಬೇಕು.

ಆಮೇಲೆ ಕಾಫಿ. ಮಾಟುಂಗಾದಿಂದ ತಂದ ಪುಡಿ, ಮನೆಯಿಂದ ಫ್ಲಾಸ್ಕಲ್ಲಿ ತಂದ ಡಿಕಾಕ್ಷನ್, ಕ್ಯಾಂಟೀನ್ ಹಾಲು. ಬಿಸಿ ಟ್ಯೂಬನ್ನ ಮೂಗಿನ ಹೊಳ್ಳೆಗೆ ಹಿಡ್ಕೊಂಡು ಒಂದು ಗುಟುಕು ಕುಡೀತೀನಿ. ಉಸಿರಲ್ಲೇ ಇರೋ ಅಸಿಟೋನ್ 59ರಲ್ಲಿ ಅಲೆ ಅಲೆಯಾಗಿ ಏರಿ ಇಳೀತಾ ಇರುತ್ತೆ, ನುಂಗಿದ ತಕ್ಷಣ ಬರೋ ಮೊದಲ ಉಸಿರಿಗೆ ಕಾಫಿ ಗೆರೆ ಸರ್ ಅಂತ ಮೇಲೆ ಹೋಗುತ್ತೆ ನೋಡಿ, ನಾಲ್ಕು ವರ್ಷ ಆದ್ರೂ ಅದನ್ನ ನೋಡೋ ಖುಷಿ ಕಮ್ಮಿ ಆಗಿಲ್ಲ. ಘಮ ಅನ್ನೋದು ಗಂಟಲ ಹಿಂದಿಂದ ಮೂಗಿಗೆ ಏರೋದು ಕಣ್ಣೆದುರೇ ಕಾಣುತ್ತೆ. ಹಾಲು ಜಾಸ್ತಿ ಹಾಕಿದ ದಿನ ಅದೇ ಗೆರೆ ಕುಳ್ಳಗಿರುತ್ತೆ, ಕೊಬ್ಬು ಪರಿಮಳ ಹಿಡ್ಕೊಂಡು ಬಿಡಲ್ಲ. ಮತ್ತೆ ಇಲ್ಲಿ ಟಾಫ್ ಮಾತು ಉಳಿಸ್ಕೊಳ್ಳುತ್ತೆ: 87ರಲ್ಲಿ ಡೈಅಸಿಟೈಲ್ 87.04, ಮೀಥೈಲ್‌ಬ್ಯೂಟನ್ಯಾಲ್ (ಆಲ್ಕೋಹಾಲ್ ಅಲ್ಲ, ಆಲ್ಡಿಹೈಡ್) 87.08, ಫಾರ್ಮುಲಾ ಬೇರೆ ಆದ್ದರಿಂದ ಎರಡೂ ಬಿಡಿಬಿಡಿ. ಅಂಬೆಮೋಹರ್ ಅಕ್ಕಿ ಘಮಕ್ಕೆ ಕಾರಣ ಆಗೋ 2-ಅಸಿಟೈಲ್-1-ಪೈರೋಲಿನ್ನೂ 112ರಲ್ಲಿ ಸಿಗುತ್ತೆ, ಅನ್ನ ಬೇಯ್ತಿರುವಾಗಲೇ ನೋಡಬಹುದು.

ಹಾಗಾಗಿ ಕಾಫಿ, ಅಕ್ಕಿ, ಹಾಲು ನಿಮ್ಮ ಕೆಲಸ ಆದ್ರೆ ಧೈರ್ಯವಾಗಿ ತಗೊಳ್ಳಿ. ಮಸಾಲೆ, ನಿಂಬೆ, ಕಿತ್ತಳೆ ಎಣ್ಣೆ ಆದ್ರೆ ಮುಂದೆ ಫಾಸ್ಟ್ ಜಿಸಿ ಸೇರಿಸಿದ್ದನ್ನೇ ಕೇಳಿ, ಇಲ್ಲಾಂದ್ರೆ ಹಳೇ ಜಿಸಿ ಮಾರಬೇಡಿ. ಸೋಮವಾರ ನಮಗೆ ಏಲಕ್ಕಿ ಲಾಟ್ ಬರ್ತಿದೆ, ಹಳೇ ಜಿಸಿಯ ಕಾಲಮ್ ಈಗ್ಲೇ ಬಿಸಿಗೆ ಇಟ್ಟಿದ್ದೀನಿ.