128 ಜಿಬಿ ಅಂತ ತಗೊಂಡೆ, ಒಳಗಿದ್ದದ್ದು 8

ಕಡಿಮೆ ರೇಟಿಗೆ ಮೆಮೊರಿ ಕಾರ್ಡ್ ಸಿಗುತ್ತೆ ಅಂತ ಕೈ ಚಾಚೋರು ಮೊದಲು ಇದನ್ನು ಓದಿ.

ಹೋದ ತಿಂಗಳು ಇಲ್ಲೇ ಕಲಬುರಗಿಯಲ್ಲಿ ನಮ್ಮ ಕಾಕಾನ ಮಗಳ ಮದುವೆ ಆಯಿತು. ಮನೆ ಹುಡುಗನ ಹತ್ರನೇ ಕ್ಯಾಮೆರಾ ಇರುವಾಗ ಬೇರೆಯವರಿಗೆ ಯಾಕೆ ರೊಕ್ಕ ಅಂತ ಕಾಕಾ ಫೋಟೋ ಕೆಲಸ ನನಗೇ ಒಪ್ಪಿಸಿದರು. ನನಗೂ ಹುರುಪು. ಹಳೆ 32 ಜಿಬಿ ಕಾರ್ಡ್ ಸಾಲೋದಿಲ್ಲ ಅನಿಸಿ, ಹಿಂದಿನ ದಿನ ಸಂಜೆ ಮಾರ್ಕೆಟಿಗೆ ಹೋಗಿ 128 ಜಿಬಿದು ತಗೊಂಡೆ. ದೊಡ್ಡ ಕಂಪನಿ ಹೆಸರು, ಮೇಲೆ ವಿ30 ಅನ್ನೋ ವೇಗದ ಗುರುತು, ಬೆಲೆ ಮಾತ್ರ ಬೇರೆ ಕಡೆಗಿಂತ ಅರ್ಧ. "ಒರಿಜಿನಲ್ ಅದ ರೀ ಸರ್, ಬಿಲ್ ಬೇಕಂದ್ರ ರೇಟ್ ಜಾಸ್ತಿ ಆಗ್ತದ" ಅಂದ ಅಂಗಡಿಯವನು. ಅಲ್ಲೇ ಅನುಮಾನ ಬರಬೇಕಿತ್ತು.

ಮನೆಯಲ್ಲಿ ಕಂಪ್ಯೂಟರಿಗೆ ಹಾಕಿದರೆ 119 ಜಿಬಿ ತೋರಿಸಿತು. 128ರ ಕಾರ್ಡ್ ವಿಂಡೋಸ್‌ನಲ್ಲಿ ಅಷ್ಟೇ ತೋರಿಸೋದು, ಅದು ಸಹಜ. ಹಾಗಾಗಿ ನಂಬಿಬಿಟ್ಟೆ.

ಮದುವೆ ದಿನ ಸುಮಾರು 900 ಫೋಟೋ ತೆಗೆದೆ, ಎಲ್ಲಾ ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಇಡೋ ದೊಡ್ಡ ಫೈಲ್. ಕ್ಲಿಕ್ ಆದ ಕೂಡಲೇ ಹಿಂದಿನ ಪರದೆಯಲ್ಲಿ ಚೆಂದ ಕಾಣ್ತಿದ್ದವು. ಆ ಕ್ಷಣಕ್ಕೆ ತೋರಿಸೋದು ಕ್ಯಾಮೆರಾ ತನ್ನ ಬಫರ್‌ನಿಂದ (ಒಳಗಿನ ತಾತ್ಕಾಲಿಕ ಮೆಮೊರಿ), ಕಾರ್ಡಿನಿಂದ ಓದಿ ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ರಾತ್ರಿ ತೆರೆದು ನೋಡಿದರೆ ಮೊದಲ 280 ಚಿಲ್ಲರೆ ಫೋಟೋ ಸರಿ ಇವೆ. ಮುಂದಿನವಕ್ಕೆ ಹೆಸರಿದೆ, ಸೈಜ್ ಇದೆ, ತೆರೆಯೋದೇ ಇಲ್ಲ. ಅರಿಶಿನ ಇದೆ, ಸುರಗಿ ನೀರು ಇದೆ, ಉಪ್ಪಿಟ್ಟು ತಿನ್ನೋ ಮಾವಂದಿರು ಐದಾರು ಸಲ ಇದ್ದಾರೆ. ತಾಳಿ ಇಲ್ಲ. ಅಕ್ಷತೆ ಇಲ್ಲ.

ಗಾಬರಿಯಲ್ಲಿ ಎರಡನೇ ತಪ್ಪು ಮಾಡಿದೆ. ಜಾಹೀರಾತಿನಲ್ಲಿ ಕಂಡ ಒಂದು ರಿಕವರಿ ಸಾಫ್ಟ್‌ವೇರ್ ಹಾಕಿಕೊಂಡೆ, ಅದು ಪುಕ್ಕಟೆ ಸ್ಕ್ಯಾನ್ ಮಾಡಿ 900 ಹೆಸರನ್ನೂ ತೋರಿಸಿ, ಉಳಿಸಿಕೊಳ್ಳಬೇಕಾದರೆ ದುಡ್ಡು ಕಟ್ಟು ಅಂತು, ನಾನು ಹಿಂದೆಮುಂದೆ ನೋಡದೆ 3,500 ರೂಪಾಯಿ ಕಟ್ಟಿದೆ. ಬಂದದ್ದು ಅದೇ ಸತ್ತ ಫೈಲ್‌ಗಳು. ಕೊನೆಗೆ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿದ. ಅದಕ್ಕೂ ಸಿಕ್ಕಿದ್ದು ಆ 280 ಚಿಲ್ಲರೆಯೇ. "ಅಣ್ಣಾ, ಉಳಿದದ್ದು ಅಳಿಸಿಹೋಗಿಲ್ಲ, ಬರೆದೇ ಇಲ್ಲ" ಅಂದ. ಒಳಗಿರೋ ಚಿಪ್ 8 ಜಿಬಿದು. ಕಾರ್ಡನ್ನು ನಡೆಸೋ ಕಂಟ್ರೋಲರ್ ಅನ್ನೋ ಭಾಗವನ್ನು ತಿದ್ದಿ 128 ಅಂತ ಸುಳ್ಳು ಹೇಳಿಸಿರ್ತಾರೆ. ತುಂಬಿದ ಮೇಲೆ ಬರೋ ಫೋಟೋಗಳನ್ನು ತಗೊಂಡೆ ಅಂತ ನಾಟಕ ಮಾಡಿ ಬಿಟ್ಟುಬಿಡುತ್ತೆ. ಕೆಲವು ಕಾರ್ಡ್ ಹಳೇದರ ಮೇಲೇ ಬರೆಯುತ್ತವಂತೆ, ಅವು ಇನ್ನೂ ಕೆಟ್ಟವು.

ಅಂದಹಾಗೆ ಲೆಕ್ಕ ಹಾಕಿದೆ. ಒಂದು ಫೋಟೋ ಸುಮಾರು 25 ಎಂಬಿ, 900ಕ್ಕೆ 22 ಜಿಬಿ ಚಿಲ್ಲರೆ. ಮನೆಯಲ್ಲಿದ್ದ ಹಳೇ ಕಾರ್ಡೇ ಸಾಕಾಗ್ತಿತ್ತು!

ಅಂಗಡಿಯವನು ಇದು ನಮ್ಮದಲ್ಲ ಅಂದ. ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳೋಣ ಅಂದರೆ ಕೈಯಲ್ಲಿ ಬಿಲ್ಲೇ ಇಲ್ಲ. ಸುಮ್ನೆ ಬಿಟ್ಟೆ.

ಈಗ ಯಾವ ಕಾರ್ಡ್ ತಂದರೂ ಮೊದಲ ಕೆಲಸ ಪರೀಕ್ಷೆ. ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್‌ಗೆ ಎಫ್‌3, ಎರಡೂ ಉಚಿತ. ಖಾಲಿ ಕಾರ್ಡನ್ನು ಪೂರ್ತಿ ತುಂಬಿ, ಬರೆದದ್ದನ್ನೇ ವಾಪಸ್ ಓದಿ ನೋಡುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಚ್ಚಿ ಮಲಗಿ. ಫೋಟೋ ಕಳೆದುಹೋದ ಕಾರ್ಡಿನ ಮೇಲೆ ಮಾತ್ರ ಇದನ್ನು ಓಡಿಸಬೇಡಿ, ಉಳಿದದ್ದೂ ಹೋಗುತ್ತೆ. ಮತ್ತೆ ಕ್ಯಾಮೆರಾದಲ್ಲಿ ಕಾರ್ಡ್ ಹಾಕೋ ಸ್ಲಾಟ್ ಎರಡು ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಯೋ ಸೆಟ್ಟಿಂಗ್ ಹಾಕಿ. ನನ್ನದರಲ್ಲಿ ಒಂದೇ ಸ್ಲಾಟ್.

ಆಲ್ಬಮ್‌ಗೆ ತಾಳಿ ಫೋಟೋ ಕೊನೆಗೂ ಸಿಕ್ಕಿತು, ಬೀಗರ ಕಡೆಯವರ ವಾಟ್ಸಾಪಿನಿಂದ. ಅರ್ಧ ಭಾಗ ಯಾರದೋ ರುಮಾಲು, ಅದರ ಪಕ್ಕ ಕ್ಯಾಮೆರಾ ಹಿಡಿದು ನಗ್ತಾ ನಿಂತ ನಾನು. ಕಾಕಾ ಅದನ್ನೇ ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿದ್ದಾರೆ.