ಸುದ್ದಿಯಿಲ್ಲದ ಸ್ವಯಂಸೇವಕರು: ಡೆಬಿಯನ್‌ನ ಎಂಐಎ ವ್ಯವಸ್ಥೆ ಹೇಗಿದೆ?

ಒಂದು ಪ್ಯಾಕೇಜಿಗೆ, ಅಂದರೆ ಸ್ಥಾಪಿಸಿಕೊಳ್ಳಲು ಸಿದ್ಧ ಮಾಡಿಟ್ಟ ತಂತ್ರಾಂಶದ ಕಟ್ಟಿಗೆ, ಮೂರು ವರ್ಷದಿಂದ ಹೊಸ ಆವೃತ್ತಿ ಬಂದಿಲ್ಲ. ಬಗ್ ವರದಿಗಳ ಕೆಳಗೆ ಯಾರೋ ಬರೆದು ಕಳಿಸಿದ ತಿದ್ದುಪಡಿಗಳು (ಪ್ಯಾಚುಗಳು) ಕಾಯುತ್ತಾ ಕೂತಿವೆ. ಅದನ್ನು ನೋಡಿಕೊಳ್ಳಬೇಕಾದ ಮೇಂಟೇನರ್ ಹೆಸರು ಇದೆ, ಆಸಾಮಿಯ ಸುಳಿವಿಲ್ಲ. ಸಂಬಳವಿಲ್ಲದೆ ದುಡಿದವರನ್ನು ಯಾರು, ಯಾವ ಬಾಯಲ್ಲಿ ಕೇಳುವುದು? ಸ್ವಯಂಸೇವಕರು ಸೇರಿ ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ, 1993ರಿಂದ ನಡೆದು ಬಂದಿರುವ ಡೆಬಿಯನ್ ಯೋಜನೆ ಇದಕ್ಕೊಂದು ಕ್ರಮ ಮಾಡಿಕೊಂಡಿದೆ. ಯುದ್ಧದಲ್ಲಿ ಕಾಣೆಯಾದ ಸೈನಿಕರಿಗೆ ಬಳಸುವ ‘ಎಂಐಎ’ (ಮಿಸ್ಸಿಂಗ್ ಇನ್ ಆ್ಯಕ್ಷನ್) ಎಂಬ ಹೆಸರೇ ಅದಕ್ಕೆ. ಮುಕ್ತ ತಂತ್ರಾಂಶದ ಸಮುದಾಯಗಳಲ್ಲಿ ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವ ವ್ಯವಸ್ಥೆ ಅಪರೂಪ. ಐದಕ್ಕೆ ನಾಲ್ಕು ಕೊಡಬಹುದು. ಕಳೆದ ಒಂದು ಅಂಕ ನಿಧಾನಕ್ಕೆ.

ಇದರ ದೊಡ್ಡ ಗುಣವೆಂದರೆ ಪ್ಯಾಕೇಜಿನ ವಿಚಾರ ಬೇರೆ, ವ್ಯಕ್ತಿಯ ವಿಚಾರ ಬೇರೆ ಎಂದು ಇಟ್ಟಿರುವುದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ ಕಡೆಯೆಲ್ಲ ‘ಅವರನ್ನು ತೆಗೆಯೋಣವೇ ಬೇಡವೇ’ ಎಂಬ ಜಗಳದಲ್ಲಿ ಕೆಲಸ ಕೆಡುತ್ತದೆ.

ಮೊದಲ ಹೆಜ್ಜೆ ಮೇಂಟೇನರ್‌ಗೆ ನೇರವಾಗಿ, ವಿನಯದಿಂದ ಒಂದು ಮೇಲ್ ಬರೆದು ಸಾಕಷ್ಟು ಸಮಯ ಕಾಯುವುದು. ಕಾಯಿಲೆ, ಹೆರಿಗೆ, ಹೊಸ ಕೆಲಸ, ಏನು ಬೇಕಾದರೂ ಇರಬಹುದು. ಉತ್ತರ ಬಾರದಿದ್ದರೆ ಮಾಹಿತಿ ಕಲೆಹಾಕಬೇಕು: ಅವರ ಹೆಸರಿನಲ್ಲಿ ಎಷ್ಟು ಪ್ಯಾಕೇಜುಗಳಿವೆ, ಕೊನೆಯ ಅಪ್‌ಲೋಡ್ ಯಾವಾಗ, ಗಂಭೀರ ಬಗ್‌ಗಳು ಎಷ್ಟು ದಿನದಿಂದ ಬಿದ್ದಿವೆ, ಬೇರೆಯವರು ಎಷ್ಟು ಸಲ ಅವರ ಬದಲು ಅಪ್‌ಲೋಡ್ ಮಾಡಿದ್ದಾರೆ, ಡೆಬಿಯನ್‌ನ ಹೊರಗೆ ಎಲ್ಲಾದರೂ ಚುರುಕಾಗಿದ್ದಾರೆಯೇ. ಅಧಿಕೃತ ಡೆವಲಪರ್‌ಗಳು ಕೊನೆಯ ಸಲ ಮೇಲಿಂಗ್ ಲಿಸ್ಟಿಗೆ ಬರೆದದ್ದು ಯಾವಾಗ ಎಂಬುದೂ ಯೋಜನೆಯ ಡೇಟಾಬೇಸಿನಲ್ಲಿ ದಾಖಲಾಗಿರುತ್ತದೆ. ಇಷ್ಟನ್ನೂ ಜೋಡಿಸಿ ಎಂಐಎ ತಂಡಕ್ಕೆ ಕಳಿಸಬೇಕು. ಬರೀ ‘ಇವರು ಸತ್ತರೋ ಬದುಕಿದರೋ ಗೊತ್ತಿಲ್ಲ’ ಎಂದು ಬರೆದರೆ ತಂಡದವರು ಅದೇ ಕೆಲಸವನ್ನು ಮೊದಲಿಂದ ಮಾಡಬೇಕಾಗುತ್ತದೆ. ಅವರೂ ಸ್ವಯಂಸೇವಕರೇ.

ತಂಡ ಹಂತಹಂತವಾಗಿ ಬರೆಯುತ್ತದೆ: ಮೊದಲು ಸ್ನೇಹದ ಪತ್ರ, ಆಮೇಲೆ ಸ್ವಲ್ಪ ಒತ್ತಾಯದ ನೆನಪೋಲೆ, ಕೊನೆಗೆ ಎಚ್ಚರಿಕೆ. ಪ್ರತಿ ಹೆಜ್ಜೆಯೂ ದಾಖಲಾಗುವುದರಿಂದ ಇನ್ನೊಬ್ಬರು ಅದನ್ನು ಅಲ್ಲಿಂದಲೇ ಮುಂದುವರಿಸಬಹುದು. ಆದರೂ ಉತ್ತರವಿಲ್ಲವೆಂದರೆ ಪ್ಯಾಕೇಜನ್ನು ‘ಆರ್ಫನ್’ (ಅನಾಥ) ಎಂದು ಘೋಷಿಸಿ ಗುಣಮಟ್ಟ ನೋಡಿಕೊಳ್ಳುವ ಕ್ಯೂಎ ಗುಂಪಿನ ಹೆಸರಿಗೆ ಬರೆಯುತ್ತಾರೆ. ಬೇಕಾದವರು ದತ್ತು ತೆಗೆದುಕೊಳ್ಳಬಹುದು.

ವ್ಯವಸ್ಥೆ ಸೋಲುವ ಜಾಗವೊಂದಿದೆ. ‘ಇನ್ನೂ ಸಕ್ರಿಯರಾಗಿದ್ದೀರಾ?’ ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಬರುವ ಉತ್ತರ ಹೀಗಿರುತ್ತದೆ: ‘ಇದ್ದೇನೆ, ಈ ವಾರಾಂತ್ಯ ನೋಡುತ್ತೇನೆ.’ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ, ಪ್ಯಾಕೇಜು ಇದ್ದಲ್ಲೇ ಇರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಬಿಟ್ಟುಕೊಡಲು ಸಂಕೋಚ, ಅಷ್ಟೆ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕು: ‘ನಿಮ್ಮ ಹೆಸರಿನಲ್ಲಿ ಆರು ಪ್ಯಾಕೇಜುಗಳಿವೆ. ಯಾವುದನ್ನು ಇಟ್ಟುಕೊಳ್ಳುತ್ತೀರಿ, ಯಾವುದಕ್ಕೆ ಜೊತೆಗಾರರು ಬೇಕು, ಯಾವುದನ್ನು ಬಿಡುತ್ತೀರಿ?’ ಇಂಥ ಪ್ರಶ್ನೆಗೆ ‘ಇದ್ದೇನೆ’ ಎಂದು ಹೇಳಿ ಪಾರಾಗಲು ಬರುವುದಿಲ್ಲ. ಜೊತೆಗೆ, ಬಿಡುವುದೂ ಒಂದು ಗೌರವದ ಆಯ್ಕೆ ಎಂದು ಓದಿದವರಿಗೆ ಗೊತ್ತಾಗುತ್ತದೆ. ಡೆಬಿಯನ್‌ನಲ್ಲಿ ಇದಕ್ಕೆ ಬಾಗಿಲುಗಳೂ ಇವೆ: ಸಹಾಯ ಕೇಳಲು ಆರ್‌ಎಫ್‌ಎಚ್ (ರಿಕ್ವೆಸ್ಟ್ ಫಾರ್ ಹೆಲ್ಪ್), ಬೇರೆಯವರಿಗೆ ವಹಿಸಲು ಆರ್‌ಎಫ್‌ಎ (ರಿಕ್ವೆಸ್ಟ್ ಫಾರ್ ಅಡಾಪ್ಶನ್) ಎಂಬ ಮನವಿಗಳು. ಇವನ್ನು ಬಳಸುವವರು ಹೆಚ್ಚಾದಷ್ಟೂ ಎಂಐಎ ತಂಡದ ಕೆಲಸ ಕಡಿಮೆಯಾಗುತ್ತದೆ.

ವ್ಯಕ್ತಿ ಕಾಣೆಯಾಗಿಲ್ಲ, ಒಂದು ಪ್ಯಾಕೇಜು ಮಾತ್ರ ಸೊರಗಿದೆ ಎಂದಾದರೆ ಎಂಐಎ ಬೇಡ, ‘ಸಾಲ್ವೇಜ್’ (ಸೊರಗಿದ ಪ್ಯಾಕೇಜನ್ನು ಎತ್ತಿಕೊಂಡು ಉಳಿಸುವುದು) ಸಾಕು. 2018ರಲ್ಲಿ ಬಂದ ಈ ಕ್ರಮ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಉಪಯುಕ್ತ. ಬಗ್‌ಗಳಿಗೆ ಮೇಂಟೇನರ್ ಉತ್ತರವಿಲ್ಲ, ಬೇರೆಯವರೇ ಸಾಲಾಗಿ ಅಪ್‌ಲೋಡ್ ಮಾಡುತ್ತಿದ್ದಾರೆ, ಮೂಲ ಯೋಜನೆ ಹಲವು ಆವೃತ್ತಿ ತಂದರೂ ಇಲ್ಲಿ ಬಂದಿಲ್ಲ, ಇಂಥ ಲಕ್ಷಣ ಕಂಡರೆ ಆ ಪ್ಯಾಕೇಜಿನ ಮೇಲೆ ‘ಐಟಿಎಸ್’ (ಇಂಟೆಂಟ್ ಟು ಸಾಲ್ವೇಜ್, ಎತ್ತಿಕೊಳ್ಳುವ ಇರಾದೆ) ಎಂಬ ಬಗ್ ವರದಿ ಹಾಕಬೇಕು. ಮೇಂಟೇನರ್‌ಗೆ 21 ದಿನ. ಅವರು ಆಕ್ಷೇಪಿಸಿದರೆ ಅಲ್ಲಿಗೆ ನಿಂತಿತು. ಇಲ್ಲವಾದರೆ ಅಪ್‌ಲೋಡ್ ಮಾಡಬಹುದು, ಅದೂ ಕನಿಷ್ಠ 7 ದಿನ ತಡವಾಗಿ ಒಳಹೋಗುವ ಸರದಿಯಲ್ಲಿ. ಒಟ್ಟು ನಾಲ್ಕು ವಾರ. ಗಮನಿಸಿ: ಹೀಗೆ ಎತ್ತಿಕೊಂಡವರು ಮುಂದೆಯೂ ನೋಡಿಕೊಳ್ಳಬೇಕು. ಒಂದೇ ಬಗ್ ಸರಿಪಡಿಸಿ ಹೋಗುವವರಿಗೆ ಬೇರೆ ದಾರಿಯಿದೆ.

ಡೆವಲಪರ್ ಖಾತೆಯ ವಿಷಯ ಬಂದಾಗ ಬಿಗಿ ಹೆಚ್ಚು, ಹೆಚ್ಚೇ ಇರಬೇಕು. ಅಪ್‌ಲೋಡ್ ಅಧಿಕಾರವಿರುವ ಡಿಜಿಟಲ್ ಸಹಿಯ ಕೀಲಿ ಯಾರೂ ಗಮನಿಸದ ಲ್ಯಾಪ್‌ಟಾಪಿನಲ್ಲಿ ಕೂತಿದ್ದರೆ ಅದು ಬೀಗವಿಲ್ಲದ ಹಿತ್ತಿಲ ಬಾಗಿಲು. ಆದ್ದರಿಂದ ಖಾತೆಗಳ ಹೊಣೆ ಹೊತ್ತವರು ‘ವ್ಯಾಟ್’ ಎಂಬ ಪತ್ರ ಕಳಿಸುತ್ತಾರೆ. ‘ಎಲ್ಲಿದ್ದೀರಿ’ ಎಂಬ ಹಳೆಯ ಇಂಗ್ಲಿಷಿನ ಪ್ರಶ್ನೆಯದು. ಉತ್ತರ ಬಾರದಿದ್ದರೆ ಖಾತೆ ಮುಚ್ಚುತ್ತದೆ. ತಾವಾಗಿ ಹೇಳಿ ಎಮೆರಿಟಸ್ (ಗೌರವದ ನಿವೃತ್ತರು) ಆದವರು ಮರಳಿ ಬರಲು ಹೊಸಬರಂತೆ ಎಲ್ಲ ಪರೀಕ್ಷೆ ದಾಟಬೇಕಿಲ್ಲ. ಹೇಳಿ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಪ್ರೋತ್ಸಾಹ ಬೇಕಿಲ್ಲ.

ನಿಧಾನದ ಬಗ್ಗೆ ದೂರುವ ಮುನ್ನ ಫೈಲು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದ ಪ್ರಕರಣ ನೆನಪಿರಲಿ. ದಣಿದಿದ್ದ ಒಬ್ಬ ಮೇಂಟೇನರ್ ಮೇಲೆ ‘ಬೇರೆಯವರಿಗೆ ಕೊಡಿ’ ಎಂದು 2022ರಲ್ಲಿ ಮೇಲ್‌ಗಳ ಒತ್ತಡ ಬಂತು. ನೆರವಿಗೆಂದು ಬಂದು ನಂಬಿಕೆ ಗಳಿಸಿದ ಖಾತೆಯಿಂದಲೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿತು. 2024ರ ಮಾರ್ಚ್ 29ರಂದು ಬಯಲಾಯಿತು. ಅದು ಡೆಬಿಯನ್‌ನ ಅನ್‌ಸ್ಟೇಬಲ್, ಟೆಸ್ಟಿಂಗ್ ಎಂಬ ಪ್ರಯೋಗದ ಹಂತಗಳವರೆಗೂ ಬಂದಿತ್ತು, ಬಿಡುಗಡೆಯಾದ ಸ್ಟೇಬಲ್ ಆವೃತ್ತಿಗೆ ತಲುಪಿರಲಿಲ್ಲ. ಸುಮ್ಮನಿರುವವರನ್ನು ಅವಸರದಲ್ಲಿ ಬದಲಿಸಿ, ಮೊದಲು ಕೈ ಎತ್ತಿದವರಿಗೆ ಕೀಲಿ ಕೊಡುವುದರ ಅಪಾಯ ಇದು. ಸಾಲ್ವೇಜ್‌ನ ಆ 21 ದಿನ ವ್ಯರ್ಥವಲ್ಲ.

ಕನ್ನಡದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲಿ ಫಾಂಟ್ ತಂಡದ ಹೆಸರಿನಲ್ಲಿವೆ. ಒಬ್ಬರು ಸುಮ್ಮನಾದರೂ ಇನ್ನೊಬ್ಬರು ಅಪ್‌ಲೋಡ್ ಮಾಡಬಹುದು. ಅನುವಾದ, ಫಾಂಟು, ಕೀಬೋರ್ಡು ಎಂದು ಐದಾರು ಜನ ಸೇರಿ ನಡೆಸುವ ನಮ್ಮ ತಂಡಗಳಿಗೆ ಎಂಐಎಯಂಥ ಏರ್ಪಾಡು ಭಾರವಾದೀತು. ಅದರಲ್ಲಿ ಮೂರನ್ನು ಮಾತ್ರ ಎತ್ತಿಕೊಳ್ಳಿ. ರೆಪೊಸಿಟರಿ, ಡೊಮೇನ್, ಅನುವಾದದ ಜಾಲತಾಣ, ಪ್ರತಿಯೊಂದರ ಅಡ್ಮಿನ್ ಅಧಿಕಾರ ಇಬ್ಬರ ಬಳಿಯಾದರೂ ಇರಲಿ. ಯಾರಾದರೂ ಒಂದು ಫೈಲು ವಹಿಸಿಕೊಂಡರೆ ಅದರ ಪಕ್ಕದಲ್ಲೇ ವಾಯಿದೆ ಬರೆಯಿರಿ, ವಾಯಿದೆ ದಾಟಿದರೆ ಕೇಳದೆಯೇ ಅದು ಮತ್ತೆ ಎಲ್ಲರಿಗೂ ಸೇರಲಿ. ಬಿಟ್ಟುಹೋದವರ ಹೆಸರನ್ನು ಕೊಡುಗೆದಾರರ ಪಟ್ಟಿಯಿಂದ ಅಳಿಸಬೇಡಿ; ‘ಹಿಂದಿನ ನಿರ್ವಾಹಕರು’ ಎಂಬ ಸಾಲಿಗೆ ಬರೆದು, ಬರೆದಿದ್ದೇವೆಂದು ಅವರಿಗೊಂದು ಮೇಲ್ ಹಾಕಿ.