ಗುಲ್‌ಮೊಹರೋ, ಕಕ್ಕೆಯೋ? ರಾಯಚೂರಿನ ಬಿಸಿಲಲ್ಲಿ ಎರಡನ್ನೂ ಬೆಳೆಸಿ ನೋಡಿದ್ದು

ರಾಯಚೂರಿನ ಅಂಚಿನಲ್ಲಿ ಮನೆ ಕಟ್ಟಿಸಿ ಈಗ 11 ವರ್ಷ. ಆ ಮಳೆಗಾಲದಲ್ಲೇ ಗೇಟಿನ ಎಡಕ್ಕೆ ಗುಲ್‌ಮೊಹರ್, ಬಲಕ್ಕೆ ಕಕ್ಕೆ ಹಚ್ಚಿದೆವು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಂದರೆ ನೀರು ನಿಲ್ಲುತ್ತದೆ. ಕಕ್ಕೆಗೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ. ಹಾಗಾಗಿ ಎರಡೂ ತೆಗ್ಗಿಗೆ ಗರಸು, ತಿಪ್ಪೆ ಗೊಬ್ಬರ ಬೆರೆಸಿ, ಬುಡ ಏರಿಸಿ ನೆಟ್ಟೆವು. ಎರಡು ಬೇಸಿಗೆ ಕೊಡದಲ್ಲಿ ನೀರು ಹಾಕಿದ್ದು ಬಿಟ್ಟರೆ, ಆಮೇಲೆ ಎರಡೂ ಏನೂ ಕೇಳಲಿಲ್ಲ.

ಬೆಳವಣಿಗೆಯಲ್ಲಿ ಗುಲ್‌ಮೊಹರ್ ಮುಂದು. ಐದನೇ ವರ್ಷಕ್ಕೇ ಹೂ ಬಿಟ್ಟಿತು. ಕಕ್ಕೆ ಏಳು ವರ್ಷ ಕಾಯಿಸಿತು. 'ಇದು ಬಂಜೆ ಗಿಡ, ಕಿತ್ತು ಹಾಕು' ಅಂತ ಅವ್ವ ಎಷ್ಟು ಸಲ ಅಂದಿದ್ದಳೋ!

ಗುಲ್‌ಮೊಹರ್ ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಾಲ್ಕು ಎಸಳು ಕೆಂಪು, ಐದನೆಯದು ಮಾತ್ರ ಬೆಳ್ಳಗೆ, ಮೇಲೆ ಕೆಂಪು ಚುಕ್ಕಿ. ಅದರ ಅಂದಕ್ಕೆ ನಾನು ಸೋತಿದ್ದೇನೆ. ಆದರೆ ಅದರ ಕೊಂಬೆಗೆ ಗಟ್ಟಿತನ ಇಲ್ಲ. ಒಂದು ಮೇ ತಿಂಗಳ ಗಾಳಿ-ಮಳೆಗೆ ತೊಡೆ ದಪ್ಪದ ಕೊಂಬೆ ಮುರಿದು, ಗೇಟಿನ ಮುಂದೆ ನಿಲ್ಲಿಸಿದ್ದ ಬೈಕಿನ ಮೇಲೆ ಬಿತ್ತು. ಐದು ನಿಮಿಷ ಮುಂಚೆ ಮಗಳು ಅಲ್ಲೇ ಆಡುತ್ತಿದ್ದಳು. ಬೇರೂ ಮೇಲೆ ಮೇಲೆಯೇ ಹರಡಿ ಕಂಪೌಂಡ್ ಗೋಡೆ ಸೀಳಿದೆ. ಅದರ ಕೆಳಗೆ ಹುಲ್ಲು ಸಹ ಸರಿಯಾಗಿ ಬೆಳೆಯುವುದಿಲ್ಲ.

ಕಕ್ಕೆಯಿಂದ ಅಂಥ ತೊಂದರೆ ಆಗಿಲ್ಲ. ಬೇರು ಆಳಕ್ಕೆ ಇಳಿದಿದೆ, ಹರವು ಕಡಿಮೆ. ಚಿಗುರಿದಾಗ ಹಳದಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ, ಹಸಿರು ಹುಳು ಎಲೆ ತಿನ್ನುತ್ತವೆ. ಔಷಧಿ ಹೊಡೆಯಬೇಡಿ, ಗಿಡ ತಾನೇ ಮತ್ತೆ ಚಿಗುರುತ್ತದೆ. ಏಪ್ರಿಲ್ ಕೊನೆಗೆ ಮೊಳದುದ್ದದ ಹಳದಿ ಗೊಂಚಲು ಇಳಿಬಿದ್ದಾಗ, ಬೆಳಗಾದರೆ ಸಾಕು, ಕರಿ ದುಂಬಿಗಳ ಸದ್ದು ಅಡುಗೆಮನೆವರೆಗೂ ಕೇಳುತ್ತದೆ. ಈಗ ಅವ್ವ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಅಕ್ಕಿ ಆರಿಸುತ್ತಾಳೆ.

ನೆರಳಿನ ಆಸೆಗೆ ಮಾತ್ರ ಎರಡನ್ನೂ ಹಚ್ಚಬೇಡಿ. ಬಿಸಿಲು ಏರುವ ಹೊತ್ತಿಗೇ ಎರಡೂ ಎಲೆ ಉದುರಿಸುತ್ತವೆ. ನೆರಳಿಗೆ ಬೇವು ಇದೆಯಲ್ವಾ?

30x40 ಅಡಿ ಸೈಟಿನವರಿಗೆ ನಾನು ಹೇಳುವುದು ಕಕ್ಕೆಯೇ. ಹೊಲದ ಬದು, ಶಾಲೆಯ ಮೈದಾನದ ಮೂಲೆ ಇದ್ದರೆ ಗುಲ್‌ಮೊಹರ್ ಧಾರಾಳವಾಗಿ ಹಚ್ಚಿ, ಗೋಡೆಯಿಂದ ದೂರ ಇರಲಿ. ಕಕ್ಕೆ ಬೀಜ ಹಾಗೇ ಹಾಕಿದರೆ ಸುಮ್ನೆ ಮಣ್ಣಲ್ಲಿ ಬಿದ್ದಿರುತ್ತದೆ. ಒರಟು ಕಲ್ಲಿಗೆ ಒಂದು ಬದಿ ಉಜ್ಜಿ, ಒಂದು ರಾತ್ರಿ ನೀರಲ್ಲಿ ನೆನೆಸಿ. ಬೀಜ ಉಬ್ಬಿದರೆ ಮೊಳಕೆ ಬರುತ್ತದೆ.